ಮೀನೆಣ್ಣೆಯ ಬಟ್ಟೆಗಳು

ಐವತ್ತೆಂಟನೇ ಇಸವಿ, ಮಳೆಗಾಲದ ಕೊನೆ. ಬಂದರಿನಲ್ಲಿ ದೋಣಿಗಳಿಗೆ ಎಣ್ಣೆ ಬಳಿಯುವ ಕಾಲ ಬಂದರೆ ದಾರಿಹೋಕರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ಮೀನುಗಾರ ಚೆನ್ನಪ್ಪನಿಗೆ ಮಾತ್ರ ಅದು ಪರಿಮಳ. ಅಂದು ದಿನವಿಡೀ ಅಂಗಳದಲ್ಲಿ ಕೂತು ದೋಣಿಯ ಹಲಗೆಗಳಿಗೆ ಬೂತಾಯಿ ಮೀನಿನ ಎಣ್ಣೆ ತಿಕ್ಕಿದ. ತಿಕ್ಕಿದ ಹಳೆ ಬಟ್ಟೆಗಳು ಮರುದಿನಕ್ಕೂ ಬೇಕಲ್ಲ! ಒಣಗದಿರಲೆಂದು ಮುದ್ದೆ ಮಾಡಿ, ಗೋಣಿ ಹೊದಿಸಿ, ಒಳಕೋಣೆಯ ಮರದ ಗೋಡೆಗೆ ಒತ್ತಿ ಇಟ್ಟ. ಗೋಡೆಯ ಆಚೆ ಹೆರಿಗೆಗೆ ಬಂದ ಮಗಳು ದಮಯಂತಿ, ಪಕ್ಕದಲ್ಲಿ ಹದಿನೈದು ದಿನದ ಕೂಸು. ಮನೆಯ ಹಿಂಬಾಗಿಲಿಗೆ ಬಲೆಯ ರಾಶಿ ಒರಗಿತ್ತು.

ಮರುದಿನ ಬೆಳಗ್ಗೆ ನೆರೆಮನೆಯ ಕ್ರೈಸ್ತ ಇಸಿದೋರ್, ಊರವರ ಬಾಯಲ್ಲಿ ಪೊರ್ಬುಗಳು, ಮಗುವನ್ನು ನೋಡಲು ಬಂದ. ಹಡಗಿನ ಎಂಜಿನ್ ಕೋಣೆಯಲ್ಲಿ ಹದಿನೆಂಟು ವರ್ಷ ದುಡಿದವನು. ಒಳಗೆ ಕಾಲಿಟ್ಟವನೇ ಕಮಟು ವಾಸನೆ ಹಿಡಿದು ಗೋಣಿಯ ಬಳಿ ನಿಂತುಬಿಟ್ಟ. ಎಣ್ಣೆ ಬಟ್ಟೆಯ ಮುದ್ದೆ ತನ್ನಷ್ಟಕ್ಕೇ ಬಿಸಿಯೇರಿ ಹತ್ತಿಕೊಳ್ಳುತ್ತದೆ, ಹಡಗಿನಲ್ಲಿ ಅದಕ್ಕೆಂದೇ ಮುಚ್ಚಳದ ಕಬ್ಬಿಣದ ಡಬ್ಬಿ ಇಡುತ್ತಿದ್ದೆವು, ಇದನ್ನು ಹೊರಗೆ ಹಾಕು ಎಂದ.

ಚೆನ್ನಪ್ಪ ನಕ್ಕ. "ಚಿಮಣಿ ಹೊತ್ತಿಸಲಿಲ್ಲ, ಬೀಡಿ ಸೇದಲಿಲ್ಲ. ಬೆಂಕಿ ಎಲ್ಲಿಂದ ಬರ್ತದೆ ಪೊರ್ಬುಗಳೇ? ಅಜ್ಜನ ಕಾಲದಿಂದ ಎಣ್ಣೆ ಬಳಿಯುವವರು ನಾವು."

ಅಜ್ಜ ಬಟ್ಟೆಗಳನ್ನು ಮರಳಿನ ಮೇಲೆ ಹರಡಿಬಿಡುತ್ತಿದ್ದರು, ಮನೆಯೊಳಗೆ ತರುತ್ತಿರಲಿಲ್ಲ ಎಂದು ಇಸಿದೋರ್ ನೆನಪಿಸಿದ. ಚೆನ್ನಪ್ಪ ಕೇಳಬೇಕಲ್ಲ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಮಾತು ಬೇಡ ಮಾರಾಯ. ಒಳಗೆ ಕೈ ಹಾಕು. ಎಂತ ಉಂಟು ಅಂತ ನೀನೇ ಹೇಳು" ಎಂದ ಇಸಿದೋರ್.

ಚೆನ್ನಪ್ಪ ಕೈ ತೂರಿಸಿದ. ಮರುಕ್ಷಣವೇ ಹಿಂದಕ್ಕೆ ಎಳೆದುಕೊಂಡ. ಈಗಷ್ಟೇ ಒಲೆಯಿಂದ ಇಳಿಸಿದ ಗಂಜಿಯ ಬಿಸಿ. ಮೊದಲು ಮಗಳನ್ನೂ ಕೂಸನ್ನೂ ಹೊರಗೆ ಕಳಿಸಿದ. ಆಮೇಲೆ ಇಬ್ಬರೂ ಮುದ್ದೆಯನ್ನು ಗೋಣಿ ಸಮೇತ ದೂರಕ್ಕೆ ಎಳೆದೊಯ್ದು ನಾಲ್ಕು ಕೊಡ ನೀರು ಸುರಿದರು. ಬಿಡಿಸಿ ನೋಡಿದರೆ ನಡುವಿನ ಬಟ್ಟೆಗಳು ಕರಟಿ ಕಪ್ಪಾಗಿದ್ದವು.

"ಹತ್ತಿಕೊಂಡಿದ್ದರೆ ಮುಂದೆ ಬೆಂಕಿ, ಹಿಂಬಾಗಿಲಿಗೆ ಬಲೆ. ಇವರು ಯಾವ ಬಾಗಿಲಿನಿಂದ ಹೊರಗೆ ಬರ್ತಿದ್ರು?" ಎಂದ ಚೆನ್ನಪ್ಪ. ಅಂದೇ ಬಲೆಯ ರಾಶಿಯನ್ನು ಹೊರಗಿನ ಚಪ್ಪರಕ್ಕೆ ಸಾಗಿಸಿದ.

ಓದುವ ಅಣ್ಣಂದಿರೇ, ಅಕ್ಕಂದಿರೇ, ಬೆಂಕಿ ಹತ್ತಲು ಯಾರೋ ಕಡ್ಡಿ ಗೀರಲೇಬೇಕೆಂದಿಲ್ಲ. ಎಣ್ಣೆ ಕುಡಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ. ಬಯಲಲ್ಲಿ ಒಂದೊಂದಾಗಿ ಹರಡಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ. ಬಾಗಿಲುಗಳಿಗೆ ಸಾಮಾನು ಒರಗಿಸಬೇಡಿ. ಇವತ್ತೇ ಎದ್ದು ಮೂಲೆ ಮೂಲೆ ನೋಡಿ. ನಿಮ್ಮ ಮನೆಯಲ್ಲೂ ಗೋಡೆಯ ಆಚೆ ಯಾರೋ ಮಲಗಿರುತ್ತಾರೆ.