ಕಾಕಾನ ಹಡಗಿಗೆ ಸೂತಕ

ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯ ಹಾಲ್‌ನಲ್ಲಿ ಟಿವಿಗಿಂತ ಹೆಚ್ಚು ಜಾಗ ಒಂದು ಹಡಗಿನದು. ಅನಂತ ಕಾಕಾ ಕಟ್ಟುತ್ತಿದ್ದ ಟ್ರಿಂಕಮಲೀ. ಇನ್ನೂರು ವರ್ಷದ ಹಿಂದೆ ಮುಂಬೈಯಲ್ಲಿ ತೇಗದಿಂದ ಕಟ್ಟಿದ ಯುದ್ಧನೌಕೆಯ ಪುಟಾಣಿ ಮಾದರಿ. ಹಲಗೆಗೆ ಸೀಳಿದ ಐಸ್‌ಕ್ರೀಮ್ ಕಡ್ಡಿ, ಕಂಬಕ್ಕೆ ಬಿದಿರು, ಪಟಕ್ಕೆ ಅವರದೇ ಹಳೆಯ ಧೋತರ, ಎಲ್ಲಕ್ಕೂ ಬಿಳಿ ಗೋಂದು.

"ಆಗ ವಿಲಾಯತಿಯಿಂದ ಇದರ ನಕ್ಷೆ ತರೋ ಹಡಗು ಯುದ್ಧದಾಗ ಹೋತು, ಸಂಪಿ. ಆಮ್ಯಾಲೆ ಇನ್ನೊಂದು ನಕ್ಷೆ ಕಳಿಸಿದ್ರು."

"ವಾಟ್ಸಾಪ್ ಮಾಡಿದ್ರ ಮುಗೀತಿತ್ತಲ್ಲ ಕಾಕಾ."

ತಲೆಗೆ ಮೊಟಕಿದರು. ಮೊಟಕಿದ ಬೆರಳು ನಡುಗುತ್ತಿತ್ತು.

ಆ ನಡುಕ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು. "ಇದೊಂದು ಮುಗೀಲಿ, ಆಮ್ಯಾಲೆ ಕೈ ಹೋದ್ರ ಹೋಗ್ಲಿ" ಎನ್ನುತ್ತಿದ್ದರು ಕಾಕಾ. ಉಳಿದದ್ದು ಹಗ್ಗದ ಕೆಲಸ ಮಾತ್ರ. ನಾನು ದಾರ ಹಿಡಿದರೆ ಅವರು ಉಸಿರು ಬಿಗಿಹಿಡಿದು ಗಂಟು ಹಾಕುತ್ತಿದ್ದರು.

ಅಷ್ಟರಲ್ಲಿ ಕುರುಗೋಡಿನಲ್ಲಿ ದಾಯಾದಿ ಅಜ್ಜ ತೀರಿಕೊಂಡರು. ಮನೆಗೆ ಸೂತಕ ಬಂತು. ಕಾಕಾ ಹಡಗು ಬಿಡಲಿಲ್ಲ.

"ಸೂತಕದಾಗ ಮುಟ್ಟಬ್ಯಾಡ್ರಿ ಅದನ್ನ" ಎಂದಳು ಕಾಕಾನ ಹೆಂಡತಿ ಸರಸ್ವತಿ ಕಾಕು.

"ಹಡಗಿಗೆ ಯಾವ ಸೂತಕನೇ?"

ಸೂತಕ ಮುಗಿಯುವ ದಿನ ಕಾಕಾ ಕುರುಗೋಡಿಗೆ ಹೋದರು, ನಾನು ಕಾಲೇಜಿಗೆ. ನಾನು ಬಂದಾಗ ಮಾಳಿಗೆಯ ತುಂಬ ಒದ್ದೆ ಹಾಸಿಗೆ, ಸೀರೆ, ಪರದೆ. ಅವುಗಳ ನಡುವೆ ಒಂದು ಅಗಲ ತಟ್ಟೆಯ ಪರಾತ. ಅದರಲ್ಲಿ ಗೋಂದು ಕರಗಿ ಬಿಚ್ಚಿಕೊಂಡ ಹಡಗಿನ ಕಡ್ಡಿಗಳು, ತೊಯ್ದ ದಾರದ ಮುದ್ದೆ.

"ಕಾಕು, ಏನಿದು?"

"ಸೂತಕದಾಗ ಮುಟ್ಟಿದ್ದೆಲ್ಲಾ ತೊಳೀಬೇಕಲ್ಲ, ಪಟ ಹತ್ತಿ ಬಟ್ಟಿ ಅಲ್ಲೇನ? ರೇಷ್ಮಿ ಇದ್ರ ಬಿಡ್ತಿದ್ದೆ. ಬಿಚ್ಚಲಿಕ್ಕೆ ಬರಲಿಲ್ಲ, ಹಂಗೇ ಹಂಡೇದಾಗ ಮುಳುಗಿಸಿದೆ. ಹಡಗು ನೀರಿಗೆ ಅಂಜತದಂತ ನನಗೇನು ಗೊತ್ತವ್ವ!" ಆಕೆಯ ದನಿ ಕುಗ್ಗಿತ್ತು. "ಒಣಗಿದ್ರ ಸರಿಹೋಗತದಲ್ಲ?"

ಒಣಗಿದವು. ಬಳ್ಳಾರಿ ಬಿಸಿಲಿಗೆ ಪ್ರತಿ ಕಡ್ಡಿಯೂ ಬಿಲ್ಲಿನಂತೆ ಬಾಗಿತು.

ಸಂಜೆ ಕಾಕಾ ಬಂದರು. ನಾನು ಹೇಳುವ ಮೊದಲೇ, ಹಾಲ್‌ಗೆ ತಂದಿಟ್ಟಿದ್ದ ಪರಾತ ಅವರಿಗೆ ಕಂಡಿತು. ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಾ ಮಾಡ್ತೀನಿ ಕಾಕಾ. ಯೂಟ್ಯೂಬ್ ನೋಡಿ ಕಲೀತೀನಿ."

"ಪೆನ್ಸಿಲ್ ಚೂಪು ಮಾಡಲಿಕ್ಕೆ ಬರಂಗಿಲ್ಲ ನಿನಗ" ಎಂದರು. ನಗಲಿಲ್ಲ.

ಒಂದು ಕಡ್ಡಿ ಎತ್ತಿ ಮೇಜಿನ ಮೇಲೆ ಹರಡಿದ್ದ ನಕ್ಷೆಯ ಮೇಲಿಟ್ಟರು. ಗೆರೆಗೆ ಕೂಡಲಿಲ್ಲ. ಎರಡೂ ಕೈಯಿಂದ ಒತ್ತಿದರು. ಕಡ್ಡಿ ಟಕಟಕ ಎಂದು ಮೇಜಿಗೆ ಬಡಿಯಿತು. ಕಾಕು ಬಂದು ಅವರ ಕೈಮೇಲೆ ತನ್ನ ಕೈ ಇಟ್ಟು ಒತ್ತಿ ಹಿಡಿದಳು. ಈಗ ಆಕೆಯ ಬಳೆಗಳೂ ಸದ್ದು ಮಾಡತೊಡಗಿದವು.

"ಬಿಡು ಸರಸೂ" ಎಂದರು ಕಾಕಾ. ಆಕೆ ಬಿಡಲಿಲ್ಲ.