ಗೆರೆಯಲ್ಲೊಂದು ತಗ್ಗು

ಮೊದಲು ಬಂದದ್ದು, ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಲೋಕವನ್ನೇ ತೋರಿಸುವ ತಂತಿಯ ಹೆಡ್‌ಸೆಟ್. ಹಗ್ಗದಷ್ಟು ದಪ್ಪದ ಅದರ ಕೇಬಲ್ಲು ಕಂಪ್ಯೂಟರಿನಿಂದ ಹೊರಟು, ಆಡುವವರ ಬೆನ್ನ ಮೇಲಿಳಿದು, ಕೊನೆಗೆ ಅವರ ಕಾಲಿಗೇ ತೊಡರುತ್ತಿತ್ತು. ಎರಡನೆಯದು ಬಂದಾಗ ಕೋಣೆಯ ಮೂಲೆಗಳಲ್ಲಿ ಪುಟ್ಟ ಪೆಟ್ಟಿಗೆಗಳನ್ನು ಮೊಳೆ ಹೊಡೆದು ಕೂರಿಸಬೇಕಾಯಿತು. ಆಡುವವರು ಎಲ್ಲಿ ನಿಂತಿದ್ದಾರೆಂಬುದನ್ನು ಆ ಪೆಟ್ಟಿಗೆಗಳ ನೆರವಿನಿಂದ ಅದು ಲೆಕ್ಕ ಹಾಕುತ್ತಿತ್ತು. ಮೂರನೆಯದು ತಂತಿಯನ್ನೂ ಪೆಟ್ಟಿಗೆಗಳನ್ನೂ ಕಳಚಿಕೊಂಡು ಬಂತು. ಅದಕ್ಕೆ ತನ್ನದೇ ಕಣ್ಣುಗಳಿದ್ದವು. ಕೋಣೆಯನ್ನು ನೋಡಿ, ನೆನಪಿಟ್ಟುಕೊಳ್ಳುತ್ತಿತ್ತು. ಮೊದಲನೆಯದು ಬಂದಾಗ ಅವಳು ಪ್ರೌಢಶಾಲೆಯಲ್ಲಿದ್ದಳು. ಮೂರನೆಯದು ಬರುವ ಹೊತ್ತಿಗೆ ಭೌತವಿಜ್ಞಾನದ ಪದವಿ ಓದುತ್ತಿದ್ದಳು. ಮೂರೂ ಬಂದದ್ದು ಒಂದೇ ಜಾಗಕ್ಕೆ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಅವಳ ಸೋದರಮಾವನ ಆಟದ ಕೋಣೆಗೆ. ಆ ಕೋಣೆಯನ್ನು ಖಾಲಿ ಮಾಡಬೇಕಾದ ದಿನ, ಬೆಳಗಿನ ಬಿಸಿಲು ಇನ್ನೂ ಮೆಟ್ಟಿಲ ಮೇಲಿರುವಾಗಲೇ, ಅವಳು ಅಳತೆಯ ಟೇಪು ಮತ್ತು ಒಂದು ಕಟ್ಟು ಹಳೆಯ ಬಟ್ಟೆ ಹಿಡಿದು ಮೇಲೆ ಬಂದಳು.

ಮಾವನಿಗೆ ಬೀದಿಯಲ್ಲೆಲ್ಲ ‘ಮುಂದಿನ ವರ್ಷ’ ಎಂಬ ಅಡ್ಡಹೆಸರಿತ್ತು. ಹೆಡ್‌ಸೆಟ್ಟು ಮುಂದಿನ ವರ್ಷ ಪ್ರತಿ ಮನೆಗೂ ಬರುತ್ತದೆ ಎಂದು ಅವರು ಮೊದಲ ಸಲ ಹೇಳಿದಾಗ ಜನ ಬಾಯಿ ತೆರೆದು ಕೇಳಿದ್ದರು. ಎರಡನೆಯ ವರ್ಷ ತಲೆದೂಗಿದರು. ಆಮೇಲಾಮೇಲೆ ಟೈರ್ ಅಂಗಡಿಯ ಯಜಮಾನರು, ಪಂಕ್ಚರ್ ಹಾಕಿದ ಟ್ಯೂಬು ಎಷ್ಟು ದಿನ ಬಾಳುತ್ತದೆ ಎಂದು ಯಾರಾದರೂ ಕೇಳಿದರೆ, ಮೇಲಿನ ಮಹಡಿಯತ್ತ ಕೈ ತೋರಿಸಿ, ಮುಂದಿನ ವರ್ಷದವರನ್ನು ಕೇಳಿ ಎನ್ನತೊಡಗಿದರು. ಮಾವ ಬೇಸರ ಮಾಡಿಕೊಳ್ಳಲಿಲ್ಲ. ಪ್ರತಿ ವರ್ಷವೂ ಅಷ್ಟೇ ನಂಬಿಕೆಯಿಂದ ಅದೇ ಮಾತು ಹೇಳಿದರು.

ಆಟವೇನೋ ಬೆಳೆಯಿತು, ಆದರೆ ಆಮೆಯ ನಡಿಗೆಯಲ್ಲಿ. ಬಂದವರು ಬೆರಗಾಗುತ್ತಿದ್ದರು, ಕಿರುಚುತ್ತಿದ್ದರು, ಮತ್ತೆ ಬರುತ್ತೇವೆ ಎಂದು ಆಣೆ ಮಾಡಿದಂತೆ ಹೇಳಿ ಇಳಿಯುತ್ತಿದ್ದರು. ಮತ್ತೆ ಬರುವವರು ಮಾತ್ರ ಕಡಿಮೆ. ಕೆಲವರಿಗೆ ತಲೆ ಸುತ್ತುತ್ತಿತ್ತು. ಕೆಲವರಿಗೆ ಕೂದಲು ಕೆಡುತ್ತಿತ್ತು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಯಾಕೆ ಎಂದು ಕೇಳಿದವರೂ ಇದ್ದರು. ಅತ್ತೆ ಅಂದರೆ ಮಾವನ ಹೆಂಡತಿ ಅದನ್ನು ‘ಡಬ್ಬಿ’ ಎಂದೇ ಕರೆಯುತ್ತಿದ್ದರು. “ಡಬ್ಬಿ ಬಿಗಿಯಾಯ್ತಾ? ಡಬ್ಬಿ ಒಳಗೆ ಕಣ್ಣು ಬಿಟ್ಟಿದ್ದೀಯ ತಾನೆ?” ಎಂದು ಕೇಳುತ್ತ ಪಟ್ಟಿ ಬಿಗಿಯುತ್ತಿದ್ದರು, ಪ್ರತಿ ಆಟದ ನಂತರ ಮಸೂರಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದರು.

ಅವಳಿಗೆ ಆ ಕೋಣೆಯ ನೆನಪು ಎಂದರೆ ಮುಖ್ಯವಾಗಿ ಒಂದು ಕೈ. ಡಬ್ಬಿಯೊಳಗೆ ಎತ್ತರದ ಕಟ್ಟಡದ ಅಂಚಿನಲ್ಲಿ ನಿಂತು, ಕಾಲ ಕೆಳಗಿನ ನೆಲ ಜಾರಿ, ಜೀವ ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಎಡಗಡೆಯಿಂದ ಒಂದು ತಣ್ಣನೆಯ ಕೈ ಬಂದು ಮೊಣಕೈ ಹಿಡಿಯುತ್ತಿತ್ತು. “ಇಲ್ಲೇ ಇದ್ದೀನಿ,” ಎನ್ನುತ್ತಿದ್ದರು ಅತ್ತೆ. ಅಷ್ಟೇ ಸಾಕು, ನೆಲ ಮತ್ತೆ ನೆಲವಾಗುತ್ತಿತ್ತು. ಆ ಕೈ ಎಲ್ಲಿಂದ ಬರುತ್ತದೆ ಎಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಡಬ್ಬಿ ತೆಗೆದಾಗ ಅತ್ತೆ ಎದುರಿಗೇ ನಿಂತು, ಬಟ್ಟೆ ಹಿಡಿದು, ಮುಂದಿನವರನ್ನು ಕರೆಯುತ್ತಿರುತ್ತಿದ್ದರು.

ಇಂದು ಕೋಣೆಯಲ್ಲಿ ಉಳಿದಿದ್ದ ಸಾಮಾನು ಕಡಿಮೆ. ಕಾಯುವವರ ಬೆಂಚು, ಅದರ ಎದುರಿನ ಗೋಡೆಗೆ ಆಡುವವರಿಗೆ ಕಾಣುವುದನ್ನೇ ತೋರಿಸುವ ದೊಡ್ಡ ಪರದೆ, ಪರದೆಯ ಕೆಳಗೆ ಮಾವನ ಕಂಪ್ಯೂಟರು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ತುಕ್ಕು ಹಿಡಿದ ಮಡಚುವ ಕುರ್ಚಿ, ಮತ್ತು ಕೊನೆಗೆ ಬಂದ ತಂತಿಯಿಲ್ಲದ ಬಗೆಯ ಮೂರು ಹೆಡ್‌ಸೆಟ್ಟುಗಳು. ಟೈರ್ ಅಂಗಡಿಯವರಿಗೆ ಮೇಲಿನ ಮಹಡಿ ದಾಸ್ತಾನಿಗೆ ಬೇಕಾಗಿತ್ತು. ಮೂರು ಹೆಡ್‌ಸೆಟ್ಟುಗಳನ್ನು ಒಂದು ಫಿಸಿಯೋಥೆರಪಿ ಕೇಂದ್ರ ಕೇಳಿತ್ತು. ಪಾರ್ಶ್ವವಾಯು ಹೊಡೆದು ಎದ್ದವರಿಗೆ ಅಲ್ಲಿ ಮತ್ತೆ ನಿಲ್ಲುವುದನ್ನೂ ನಡೆಯುವುದನ್ನೂ ಕಲಿಸುತ್ತಿದ್ದರು. ವಾರದಲ್ಲಿ ಕೆಲವು ದಿನ ಬಂದು ಯಂತ್ರಗಳನ್ನು ನೋಡಿಕೊಳ್ಳಬೇಕೆಂದು ಮಾವನನ್ನೂ ಕೇಳಿದ್ದರು. ಷರತ್ತು ಒಂದೇ: ಯಂತ್ರಗಳ ಹಳೆಯ ನೆನಪನ್ನೆಲ್ಲ ಅಳಿಸಿ ಕೊಡಬೇಕು, ಇಲ್ಲವಾದರೆ ಅವರ ಪ್ರೋಗ್ರಾಂ ಒಳಗೆ ಕೂರುವುದಿಲ್ಲ. ಗಾಡಿ ಮಧ್ಯಾಹ್ನ ಬರುವುದಿತ್ತು.

ಎರಡು ಯಂತ್ರಗಳ ನೆನಪನ್ನು ಅವಳು ಅಳಿಸಿದಳು. ಮೂರನೆಯದಕ್ಕೆ ಕೈ ಚಾಚಿದಾಗ ಮಾವ ಅದನ್ನು ಎದೆಗೆ ಅವುಚಿಕೊಂಡರು.

“ಇದನ್ನ ಹೀಗೇ ಕೊಡೋಣ,” ಎಂದರು.

“ಹೀಗೇ ಕೊಟ್ಟರೆ ಅವರ ಪ್ರೋಗ್ರಾಂ ಒಳಗೆ ಹೋಗಲ್ಲ ಮಾವ.”

“ಹಾಗಾದ್ರೆ ಅವರ ಪ್ರೋಗ್ರಾಂಗೆ ಸ್ವಲ್ಪ ಹೊಟ್ಟೆ ಕರಗಿಸೋಕೆ ಹೇಳು.”

ಅವಳಿಗೆ ನಗು ಬಂತು, ಆದರೆ ಕಾರಣವೂ ಗೊತ್ತಿತ್ತು. ಆ ಯಂತ್ರದೊಳಗೆ ಅತ್ತೆ ಎಳೆದ ಗೆರೆಯಿತ್ತು.

ತಂತಿಯಿಲ್ಲದ ಹೆಡ್‌ಸೆಟ್ಟಿಗೆ ಆಟಕ್ಕೆ ಮುಂಚೆ ಗಡಿ ತೋರಿಸಬೇಕು. ಕೈಯಲ್ಲಿ ಹಿಡಿದ ಸಾಧನದ ಗುಂಡಿಯೊತ್ತಿ ನೆಲದ ಮೇಲೆ ಒಂದು ಸುತ್ತು ಎಳೆದರೆ, ಈ ಗೆರೆಯೊಳಗೆ ಗೋಡೆಯಿಲ್ಲ, ಬೆಂಚಿಲ್ಲ, ಧೈರ್ಯವಾಗಿ ಆಡಬಹುದು ಎಂದರ್ಥ. ಗೆರೆ ನಿಜವಾದ ನೆಲದ ಮೇಲೆ ಮೂಡುವುದಿಲ್ಲ. ಡಬ್ಬಿ ಹಾಕಿಕೊಂಡವರಿಗೆ ಮಾತ್ರ ನೀಲಿಯಾಗಿ ಕಾಣುತ್ತದೆ. ಮೂರೂ ಯಂತ್ರಗಳಿಗೆ ಗೆರೆ ಎಳೆದವರು ಅತ್ತೆಯೇ. ಅವರು ಕಾಯಿಲೆ ಬಿದ್ದು ತೀರಿಕೊಂಡ ಮೇಲೆ, ಕಂಪನಿಯವರು ಇಂಟರ್ನೆಟ್ಟಿನಲ್ಲಿ ಕಳಿಸಿದ ಹೊಸ ಪ್ರೋಗ್ರಾಮಿನಿಂದ ಎರಡು ಗೆರೆಗಳು ಹೇಳದೆ ಕೇಳದೆ ಮಾಯವಾದವು. ಅಂದಿನಿಂದ ಮಾವ ಮೂರನೆಯ ಯಂತ್ರಕ್ಕೆ ಇಂಟರ್ನೆಟ್ಟಿನ ಗಾಳಿ ಸೋಕಿಸಲಿಲ್ಲ. ಕೋಣೆಯ ಆಕಾರ ಬದಲಾದರೆ ಯಂತ್ರಕ್ಕೆ ಗುರುತು ತಪ್ಪುತ್ತದೆಂದು ಬೆಂಚನ್ನೂ ಅಲುಗಿಸಲಿಲ್ಲ. ಗುಡಿಸುವಾಗ ಕಸಪೊರಕೆಯೇ ಬೆಂಚಿನ ಕೆಳಗೆ ನುಸುಳಿ ಬರಬೇಕಾಗಿತ್ತು.

ಆ ಗೆರೆಯಲ್ಲಿ ಒಂದು ತಗ್ಗಿತ್ತು. ಉಳಿದ ಕಡೆ ಗೋಡೆಗೆ ಒಪ್ಪುವಂತೆ ನೇರವಾಗಿ ಹೋಗುವ ಗೆರೆ ಎಡಗಡೆ, ಬಾಗಿಲ ಹತ್ತಿರ, ಒಮ್ಮೆಲೇ ಒಳಕ್ಕೆ ಸರಿದು ಮತ್ತೆ ಹೊರಕ್ಕೆ ಬರುತ್ತಿತ್ತು. ಮೂರೂ ಯಂತ್ರಗಳಲ್ಲಿ ಅದೇ ಜಾಗದಲ್ಲಿ ಅದೇ ತಗ್ಗು. ಪದವಿಯ ಕೊನೆಯ ವರ್ಷ ಅವಳು ಇದನ್ನೇ ಹಿಡಿದು ಅಧ್ಯಯನ ಮಾಡಿದ್ದಳು. ಆ ಭಾಗಕ್ಕೆ ಎದುರಾಗಿ ಕಿಟಕಿಯಿದೆ. ಕಿಟಕಿಯ ಬೆಳಕಿಗೆ ಯಂತ್ರದ ಕಣ್ಣು ಕೋರೈಸಿ ಗೆರೆ ಸರಿದಿದೆ. ಮೂರು ಯಂತ್ರಗಳಲ್ಲೂ ಒಂದೇ ರೀತಿ ಆಗಿರುವುದೇ ಇದಕ್ಕೆ ಸಾಕ್ಷಿ ಎಂದು ಚಿತ್ರ ಸಹಿತ ಬರೆದಳು. ಕಾಲೇಜಿನಲ್ಲಿ ಬಹುಮಾನವೂ ಬಂತು. ಹೆಡ್‌ಸೆಟ್ಟುಗಳ ಮಸೂರ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಗಲು ಆ ಬಹುಮಾನವೂ ಒಂದು ಕಾರಣ. ಆಗ ಅತ್ತೆ, ತನ್ನ ಗೆರೆ ಕಾಲೇಜು ಹತ್ತಿತಲ್ಲ ಎಂದು ನಕ್ಕು ಸುಮ್ಮನಾಗಿದ್ದರು.

ಮಾವನ ಲೆಕ್ಕವೇ ಬೇರೆ. ಗೆರೆ ಎಳೆಯುವಾಗ ತಾನು ಬಾಗಿಲಲ್ಲಿ ನಿಂತು ಏನೋ ಹೇಳಿದೆ, ಹೆಂಡತಿ ನಕ್ಕಳು, ಕೈ ಅಲುಗಿತು, ಆ ತಗ್ಗು ಅವಳ ನಗು ಎಂಬುದು ಅವರ ವಾದ.

“ಮೂರು ಸಲವೂ ನಗಿಸಿದ್ರಾ?” ಎಂದು ಅವಳು ಈಗಲೂ ಕೇಳಿದಳು.

“ನಾನು ಬಾಯಿ ಬಿಟ್ಟಾಗಲೆಲ್ಲ ನಗ್ತಿದ್ದಳು. ನಿಮ್ಮ ವಿಜ್ಞಾನಕ್ಕೆ ಅದು ಗೊತ್ತಿಲ್ಲ ಅಷ್ಟೇ, ವಿಜ್ಞಾನಿ.”

ಅವಳು ಬೆಂಚಿನ ತುದಿಯಲ್ಲಿ ಕುಳಿತು ನಿಧಾನವಾಗಿ ವಿವರಿಸಿದಳು. ಇಂದು ಬೆಂಚು ಕೆಳಗಿಳಿಯುತ್ತದೆ, ಪರದೆ ಇಳಿಯುತ್ತದೆ, ನಾಳೆ ಇಲ್ಲಿ ಟೈರುಗಳ ರಾಶಿ ಬೀಳುತ್ತದೆ. ನೆನಪನ್ನು ಅಳಿಸದೆ ಇಟ್ಟುಕೊಂಡರೂ ಯಂತ್ರಕ್ಕೆ ಕೋಣೆಯ ಗುರುತು ಸಿಗದು. ಗೆರೆ ಒಳಗೇ ಇದ್ದು ಎಂದೂ ಕಾಣದೆ ಹೋಗುತ್ತದೆ. ಬೇರೆ ಯಂತ್ರಕ್ಕೆ ಅದನ್ನು ದಾಟಿಸುವ ದಾರಿಯೂ ಇಲ್ಲ. ಕೆಳಗೆ ಯಾರೋ ರಿಮ್ಮಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದರು. ಆ ಸದ್ದು ನಿಂತ ಮೇಲೆ ಮಾವ, “ಅಂತೂ ಮಧ್ಯಾಹ್ನದವರೆಗೆ ಇರುತ್ತೆ,” ಎಂದರು.

“ನೆಲಕ್ಕೆ ಇಳಿಸೋಣ ಮಾವ,” ಎಂದಳು ಅವಳು. “ನೀವು ಡಬ್ಬಿ ಹಾಕ್ಕೊಂಡು ಗೆರೆ ಮೇಲೇ ನಡೀರಿ. ನಿಮ್ಮ ಹೆಬ್ಬೆರಳು ಎಲ್ಲಿ ಇಡ್ತೀರೋ ಅಲ್ಲಿ ನಾನು ಪಟ್ಟಿ ಅಂಟಿಸ್ತೀನಿ. ಅಳತೆ ತಗೊಂಡರೆ ಎಲ್ಲಿ ಬೇಕಾದರೂ ಎಳೀಬಹುದು.”

ಹಳದಿ ಅಂಟುಪಟ್ಟಿ ಟೈರ್ ಅಂಗಡಿಯಿಂದಲೇ ಬಂತು. ಯಜಮಾನರು ಅದನ್ನು ಕೊಡುತ್ತ, ಕೊನೆಗೂ ಮುಂದಿನ ವರ್ಷ ಬಂತೇನೋ ಎಂದು ವಿಚಾರಿಸಿದರಂತೆ. ಮಾವ ಬೂಟು ಕಳಚಿ, ಡಬ್ಬಿ ಹಾಕಿಕೊಂಡರು. ಯಂತ್ರ ಒಂದು ಕ್ಷಣ ತಡವರಿಸಿ, ಕೋಣೆಯನ್ನು ಗುರುತಿಸಿತು. ಮಾವನ ತುಟಿ ಸ್ವಲ್ಪ ತೆರೆಯಿತು. ಗೆರೆ ಇದೆ ಎಂದು ಅದರಿಂದಲೇ ತಿಳಿಯಿತು.

ಮಾವ ಹೆಜ್ಜೆಗೆ ಹೆಜ್ಜೆ ಜೋಡಿಸುತ್ತ ಹೊರಟರು. ಅವಳು ಮಂಡಿಯೂರಿ ಹಿಂದೆಯೇ ಪಟ್ಟಿ ಅಂಟಿಸುತ್ತ ಬಂದಳು. ಪರದೆಯ ಗೋಡೆ, ಕಿಟಕಿಯ ಗೋಡೆ, ಬೆಂಚಿನ ಅಂಚು, ಎಲ್ಲ ಕಡೆಯೂ ಗೆರೆ ಸೆಟೆದ ದಾರದಂತೆ ನೇರ. ಮಾವನಿಗೆ ಡಬ್ಬಿ ಎಂದೂ ಒಗ್ಗಿರಲಿಲ್ಲ. ಊರಿಗೆಲ್ಲ ಹೊಗಳಿ ಹಂಚಿದವರು ತಾವು ಹಾಕಿಕೊಂಡರೆ ಸ್ವಲ್ಪ ಹೊತ್ತಿಗೇ ಬೆವರುತ್ತಿದ್ದರು. ಬಾಗಿಲ ಹತ್ತಿರ ಬಂದು, ತಗ್ಗಿನ ತಿರುವಿಗೆ ಕಾಲಿಡುವಾಗ ಅವರು ವಾಲಿದರು. ಅವಳು ಪಟ್ಟಿ ಬಿಸಾಡಿ ಎದ್ದು, ಗೆರೆಯಾಚೆಗೆ ಹಾರಿ, ಅವರ ಎಡಮೊಣಕೈ ಹಿಡಿದಳು.

“ಇಲ್ಲೇ ಇದ್ದೀನಿ,” ಎಂದಳು. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದದ್ದು.

ಮಾವ ಅಲ್ಲೇ ನಿಂತರು. ಡಬ್ಬಿ ತೆಗೆಯಲಿಲ್ಲ. “ಎಲ್ಲಿ ನಿಂತಿದ್ದೀಯ ನೀನು?” ಎಂದು ಕೇಳಿದರು.

ಅವಳು ಕೆಳಗೆ ನೋಡಿದಳು. ಎಡಗಡೆ ಅದಾಗಲೇ ಅಂಟಿಸಿದ ಹಳದಿ ಪಟ್ಟಿಯ ಮೊದಲ ತಿರುವಿತ್ತು. ಬಲಗಡೆ ಮಾವನ ಕಾಲಿತ್ತು. ತಗ್ಗಿನೊಳಗೆ, ಗೆರೆಗೂ ಗೋಡೆಗೂ ನಡುವೆ ಬಿಟ್ಟ ಜಾಗದಲ್ಲಿ, ಸರಿಯಾಗಿ ಅವಳು ನಿಂತಿದ್ದಳು.

ಅವಳು ಉಳಿದ ಪಟ್ಟಿಯನ್ನು ಅಂಟಿಸಿ ಮುಗಿಸಿದಳು. ಆಮೇಲೆ ಬಾಗಿಲ ಹಿಂದಿನ ಮೊಳೆಯಿಂದ ಕುರ್ಚಿಯನ್ನು ಇಳಿಸಿದಳು. ಅದು ಟೈರ್ ಅಂಗಡಿಯವರದೆಂದು ಅವಳು ತಿಳಿದಿದ್ದಳು. ಕಾಲುನೋವಿಗೆಂದು ಅತ್ತೆಯೇ ತಂದಿಟ್ಟುಕೊಂಡದ್ದು ಎಂದರು ಮಾವ. ಅವಳು ಅದನ್ನು ಬಿಡಿಸಿ ತಗ್ಗಿನೊಳಗಿಟ್ಟಳು. ಮುಂದಿನ ಕಾಲುಗಳು ಪಟ್ಟಿಗೆ ತಾಗುವಂತೆ ಬಂದು ನಿಂತವು. ಪಕ್ಕದಲ್ಲಿ ಒಂದು ತೋಳು ಆಡುವಷ್ಟು ಜಾಗ ಉಳಿಯಿತು. ಅವಳು ಕುಳಿತು, ಕುರ್ಚಿಯ ಲೋಹದ ಪಟ್ಟಿಯ ಮೇಲೆ ಕೈಯಿಟ್ಟಳು. ಅದು ತಣ್ಣಗಿತ್ತು. ಅಲ್ಲಿಂದ ಕೈ ಚಾಚಿದರೆ ಆಡುವವರ ಮೊಣಕೈ ಸಿಗುತ್ತಿತ್ತು.

ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬೀಳದ ಬಗೆಯೂ ಆ ಕುರ್ಚಿಯಲ್ಲಿ ಕುಳಿತಾಗ ತಿಳಿಯಿತು. ಆಡುವವರ ಕಣ್ಣು ಡಬ್ಬಿಯೊಳಗೆ. ಬೆಂಚಿನವರ ಕಣ್ಣು ಎದುರಿನ ಪರದೆಯ ಮೇಲೆ. ಮಾವ ಕಂಪ್ಯೂಟರಿಗೆ ಮುಖ ಮಾಡಿ, ಕೋಣೆಗೆ ಬೆನ್ನು ಹಾಕಿ ಕೂತಿರುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಅತ್ತೆ ಎದ್ದು, ಕುರ್ಚಿ ಮಡಚಿ, ಮೊಳೆಗೆ ಹಾಕಿ, ಬಟ್ಟೆ ಹಿಡಿದು ನಿಂತಿರುತ್ತಿದ್ದರು. ನೋಡಲೆಂದೇ ಕಟ್ಟಿದ ಆ ಕೋಣೆಯಲ್ಲಿ ಆಡುವವರನ್ನು ನೋಡುತ್ತಿದ್ದವರು ಅವರೊಬ್ಬರೇ.

ಮಾವ ಡಬ್ಬಿಯನ್ನು ಹಣೆಯ ಮೇಲಕ್ಕೆ ಸರಿಸಿ, ಕುರ್ಚಿಯನ್ನೂ ಗೆರೆಯನ್ನೂ ಬಹಳ ಹೊತ್ತು ನೋಡಿದರು.

“ಹಾಗಾದ್ರೆ ನಗಲಿಲ್ವಾ ಅವಳು?”

“ನಕ್ಕಿರಬಹುದು ಮಾವ. ಆದ್ರೆ ಕೈ ಅಲುಗಿಲ್ಲ.”

“ನಿನ್ನ ಕಿಟಕಿ?”

“ಕಿಟಕಿಯೂ ಅಲ್ಲ.”

“ಕಾಲೇಜಿನವರು ಬಹುಮಾನ ವಾಪಸ್ ಕೇಳ್ತಾರೇನೋ,” ಎಂದರು ಮಾವ. ಹೇಳುತ್ತಲೇ ಡಬ್ಬಿಯನ್ನು ಕಳಚಿ ಎದೆಗೆ ಅವುಚಿಕೊಂಡರು. ಅವಳು ಕುರ್ಚಿಯಿಂದ ಏಳದೆ ಅವರ ಮೊಣಕೈ ಹಿಡಿದುಕೊಂಡಳು.

ಅತ್ತೆಯ ಗೆರೆಯನ್ನು ಕೊನೆಗೆ ಅಳಿಸಿದವರು ಮಾವನೇ. ಗುಂಡಿಯೊತ್ತುವ ಮುನ್ನ ಮತ್ತೊಮ್ಮೆ ಡಬ್ಬಿಯೊಳಗೆ ನೋಡಿದರು. ಆಮೇಲೆ ಮೆತ್ತನೆಯ ಬಟ್ಟೆ ಬೇಡಿ, ಮಸೂರಗಳನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟರು. ಗಾಡಿಗೆ ಸಾಮಾನು ಇಳಿಸುವಾಗ ಎಂದಿನ ಪ್ರಶ್ನೆಯನ್ನು ಕೇಳಿಯೇಬಿಟ್ಟರು, ಮುಂದಿನ ವರ್ಷವಾದರೂ ಪ್ರತಿ ಮನೆಗೂ ಬರುತ್ತದೆಯೇ ಎಂದು. ತನ್ನ ಪ್ರಯೋಗಾಲಯದಲ್ಲಿ ಮಸೂರಗಳು ತೆಳುವಾಗುತ್ತಿವೆ, ತೂಕ ಇಳಿಯುತ್ತಿದೆ, ಆದರೆ ಎಲ್ಲವೂ ನಿಧಾನ ಎಂದು ಅವಳು ಉತ್ತರಿಸಿದಳು; ಮನೆಗಳಿಗಿಂತ ಮೊದಲು ಫಿಸಿಯೋಥೆರಪಿ ಕೇಂದ್ರದಂಥ ಜಾಗಗಳಿಗೆ ಬಂದೀತು ಎಂದೂ ಸೇರಿಸಿದಳು. ನಿಧಾನವಾದರೆ ತನಗೇನೂ ಅವಸರವಿಲ್ಲ ಎಂದರು ಮಾವ. ಮಡಚುವ ಕುರ್ಚಿಯನ್ನು ಅವರು ಬೇರೆ ಯಾರ ಕೈಗೂ ಕೊಡದೆ, ತಾವೇ ಹೊತ್ತು ಇಳಿದರು.

ಅವಳು ಹಿಂದೆ ಉಳಿದು, ನೆಲದ ಮೇಲಿನ ಹಳದಿ ಪಟ್ಟಿಯನ್ನು ಕಿಟಕಿಯಿಂದ ಬಾಗಿಲವರೆಗೆ ಅಳೆದು ಮುಗಿಸಿದಳು. ಗೆರೆಯ ತಗ್ಗು ಬೆಳಕಿನಿಂದ ಆದದ್ದಲ್ಲ, ನಗುವಿನಿಂದ ಆದದ್ದೂ ಅಲ್ಲ. ಅದರ ಅಗಲ ಒಂದು ಮಡಚುವ ಕುರ್ಚಿಯಷ್ಟು, ಮತ್ತು ಒಂದು ತೋಳು ಆಡುವಷ್ಟು ಹೆಚ್ಚು.