ಫ್ಯೂಸಿನ ಜಾಗದಲ್ಲಿ ಕೂತಿದ್ದ ಸೂಜಿ

ದರ್ಜಿಯ ಹೆಂಡತಿಯ ಮೂಗು ಬಲು ಚುರುಕು. ಇಸ್ತ್ರಿ ಪೆಟ್ಟಿಗೆ ಹತ್ತಿಬಟ್ಟೆಯ ಮೇಲೆ ತುಸು ಹೆಚ್ಚು ನಿಂತರೆ ಒಂದು ವಾಸನೆ, ನೈಲಾನಿನ ಮೇಲೆ ನಿಂತರೆ ಇನ್ನೊಂದು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ, ಮುಂದಿನ ಅಂಗಡಿಯಲ್ಲಿ ಯಾವ ಬಟ್ಟೆ ಕಪ್ಪಾಗುತ್ತಿದೆ ಎಂದು ಅವಳು ಕೂಗಿ ಹೇಳುತ್ತಿದ್ದಳು. ಆ ಸಂಜೆ ಕಾರಿನಲ್ಲಿ ಗಂಡನ ಪಕ್ಕ ಕೂತು ಮನೆಗೆ ಬರುವಾಗ, ಮುಂದಿನ ದೀಪ ಹಾಕಿದ ಸ್ವಲ್ಪ ಹೊತ್ತಿಗೇ ಅವಳ ಮೂಗು ಅರಳಿತು.

"ಹತ್ತಿ ಸುಡ್ತಾ ಇದೆ ಕಣ್ರೀ."

ದರ್ಜಿ ನಕ್ಕ. ಸೀಟಿನದು ರೆಕ್ಸಿನ್, ನೆಲಕ್ಕೆ ಹಾಸಿದ್ದು ರಬ್ಬರು, ಗಾಡಿಯಲ್ಲಿ ಎಲ್ಲಿಂದ ಬರಬೇಕು ಹತ್ತಿ? ಹಳೆ ಗಾಡಿಗೆ ಹಳೆ ವಾಸನೆ ಇದ್ದೇ ಇರುತ್ತದೆ ಎಂದು ಮಾತು ಮುಗಿಸಿದ. ಅವಳು ಕೈಚಾಚಿ ದೀಪದ ಗುಂಡಿಯನ್ನು ಮುಟ್ಟಿ ನೋಡಿದಳು. ಆಗಷ್ಟೇ ಇಸ್ತ್ರಿ ಮಾಡಿದ ಅಂಗಿಯ ಗುಂಡಿಯ ಹಾಗೆ ಅದು ಚುರುಕ್ಕೆಂದಿತು.

ಕಾರು ಮಾವನವರ ಕಾಲದ್ದು. ದುಂಡು ಬೆನ್ನು, ಕಡು ಹಸಿರು ಬಣ್ಣ. ಬೀದಿಯವರೆಲ್ಲ ಅದನ್ನು ಆಮೆ ಎಂದೇ ಕರೆಯುತ್ತಿದ್ದರು. ಮನೆಯ ಮಗಳಿಗೆ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಕೈಕಾಲು ಬಿದ್ದುಹೋದವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ. ಅದೂ ಸಂಜೆಯ ಪಾಳಿ, ಬರುವಾಗ ಕತ್ತಲು, ಬಸ್ಸಿಲ್ಲ. ಬರುವ ಸೋಮವಾರದಿಂದ ಆಮೆಯನ್ನು ನೀನೇ ಓಡಿಸಿಕೊಂಡು ಹೋಗು ಎಂದು ಅಪ್ಪ ಮಾತು ಕೊಟ್ಟಿದ್ದ. ಅವಳಿಗೆ ರಸ್ತೆ ಚೆನ್ನಾಗಿ ಕಾಣಲಿ ಎಂದು ಮುಂದಿನ ದೀಪಗಳಿಗೆ ಹೆಚ್ಚು ಬೆಳಕಿನ ಬಲ್ಬುಗಳನ್ನೂ ತಂದು ಹಾಕಿದ್ದ. ಅಪ್ಪನ ಅಕ್ಕರೆಯಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಆದರೆ ಆ ಗುಂಡಿಯ ಬಿಸಿ ತಾಯಿಯ ಬೆರಳತುದಿಯಲ್ಲೇ ಉಳಿದುಬಿಟ್ಟಿತು. ಕಾರಿನ ಕೀಲಿಯನ್ನು ಮಗಳ ಕೈಗೆ ಹೇಗೆ ಕೊಡುವುದು?

ಗಂಡನೊಡನೆ ವಾದ ಮಾಡಿ ಗೆಲ್ಲುವ ಹೆಂಗಸಲ್ಲ ಅವಳು. ನಾದಿನಿಗೆ ಫೋನು ಮಾಡಿ, ಭಾನುವಾರ ಊಟಕ್ಕೆ ಬಾ, ಬರುವಾಗ ನಿನ್ನ ಸಾಮಾನಿನ ಚೀಲ ಮರೀಬೇಡ ಎಂದಳು. ನಾದಿನಿ ಬಸ್ ಡಿಪೋದಲ್ಲಿ ವೈರಿಂಗ್ ವಿಭಾಗದವಳು. ಅತ್ತಿಗೆಯ ಕರೆಯ ಅರ್ಥ ಅವಳಿಗೆ ಆಗಲೇ ಆಗಿತ್ತು.

ಭಾನುವಾರ ಊಟಕ್ಕೆ ಮೊದಲೇ ಅವಳು ಆಮೆಯ ಬಾನೆಟ್ ಎತ್ತಿದಳು. ಫ್ಯೂಸಿನ ಪುಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದವಳು ಒಳಗೆ ಬೆರಳು ತೋರಿಸಿದಳು.

"ಅಣ್ಣಾ, ಇದೇನು?"

"ಸೂಜಿ."

"ಸೂಜಿ ಅಂತ ನಂಗೂ ಕಾಣತ್ತೆ. ಇಲ್ಲೇನು ಮಾಡ್ತಿದೆ?"

ದರ್ಜಿಗೆ ತುಸು ಹೆಮ್ಮೆಯೇ ಇತ್ತು. ಹೊಸ ಬಲ್ಬು ಹಾಕಿದಾಗಿನಿಂದ ದೀಪದ ಫ್ಯೂಸು ಪದೇ ಪದೇ ಸುಟ್ಟುಹೋಗುತ್ತಿತ್ತು. ಆ ಗಾಜಿನ ಕೊಳವೆಯ ಒಳಗಿನ ಎಳೆ ನೋಡಿದರೆ ಕೂದಲಿನಷ್ಟು. ಕೋಟು ಹೊಲಿಯುವ ದಪ್ಪ ಸೂಜಿಯೊಂದನ್ನು ಅಳತೆಗೆ ತುಂಡರಿಸಿ ಅದರ ಜಾಗದಲ್ಲಿ ಕೂರಿಸಿದ. ಅಲ್ಲಿಂದ ಈಚೆಗೆ ಒಂದು ಸಲವೂ ಕೈಕೊಟ್ಟಿಲ್ಲ.

"ಅದು ಕೈಕೊಡಲ್ಲ ಬಿಡು," ಎಂದಳು ತಂಗಿ. "ಇನ್ನು ಕೈಕೊಡೋದಿದ್ರೆ ಗಾಡಿನೇ."

ಅವಳು ಬಾನೆಟ್ಟಿನ ಅಂಚಿಗೆ ಒರಗಿ ಸಮಾಧಾನವಾಗಿ ವಿವರಿಸಿದಳು. ಈ ಕಾರು ತಯಾರಾದ ಕಾಲದಲ್ಲಿ ದೀಪದ ವಿದ್ಯುತ್ತೆಲ್ಲ ಡ್ಯಾಷ್‌ಬೋರ್ಡಿನ ಆ ಸಣ್ಣ ಗುಂಡಿಯ ಮೂಲಕವೇ ಹರಿದು ಬಲ್ಬಿಗೆ ಹೋಗಬೇಕಿತ್ತು. ದೊಡ್ಡ ಬಲ್ಬು ಹಾಕಿದರೆ ಹೆಚ್ಚು ವಿದ್ಯುತ್ತು. ಗುಂಡಿ, ವೈರು ಎರಡೂ ಬಿಸಿಯೇರುತ್ತವೆ. ತಾನು ಸುಟ್ಟುಹೋಗಿ ವಿದ್ಯುತ್ತು ಕಡಿದು, ಅಪಾಯ ಎಂದು ಕೂಗಿ ಹೇಳುತ್ತಿದ್ದುದು ಫ್ಯೂಸು. ಅದರ ಬಾಯಿಗೇ ಸೂಜಿ ಇಟ್ಟರೆ ಹೇಳುವವರು ಯಾರೂ ಉಳಿಯುವುದಿಲ್ಲ. ಇದಕ್ಕೆ ದಾರಿ ಇದೆ. ರಿಲೇ ಎಂಬ ಪುಟ್ಟ ಡಬ್ಬಿ ಹಾಕಬೇಕು. ಆಗ ಹೆಚ್ಚಿನ ವಿದ್ಯುತ್ತು ಬ್ಯಾಟರಿಯಿಂದ ಫ್ಯೂಸು, ರಿಲೇ ದಾಟಿ ನೇರ ದೀಪಕ್ಕೆ ಹೋಗುತ್ತದೆ; ಗುಂಡಿ ರಿಲೇಗೆ ಬರೀ ಅಪ್ಪಣೆ ಕೊಟ್ಟರೆ ಸಾಕು.

"ನೀನು ಕೂತಲ್ಲಿಂದ ಟೀ ಅಂತೀಯಲ್ಲ, ಹಾಗೆ. ಹೇಳೋನು ನೀನು, ಒಲೆ ಮುಂದೆ ನಿಲ್ಲೋರು ಅತ್ತಿಗೆ."

ಅತ್ತಿಗೆ ನಕ್ಕಳು. ದರ್ಜಿ ನಗಲಿಲ್ಲ. ಅಪ್ಪನ ಗಾಡಿಗೆ ಕಂಡಕಂಡ ಡಬ್ಬಿ ಸಿಕ್ಕಿಸಿ ಅಂದಗೆಡಿಸುವುದು ಬೇಡ, ಅವರು ಹೇಗೆ ಇಟ್ಟಿದ್ದರೋ ಹಾಗೇ ಇರಲಿ ಎಂದ.

"ಅಪ್ಪ ಸೂಜಿ ಹಾಕಿದ್ರಾ?"

ಆದರೂ ಅವನು ಪಟ್ಟು ಬಿಡಲೊಲ್ಲ. ಗಟ್ಟಿಯಾದುದನ್ನು ತೆಗೆದು ಪುಸುಕ್ಕನೆ ಸುಟ್ಟುಹೋಗುವುದನ್ನು ಹಾಕಿದರೆ, ಮಗಳು ನಡುದಾರಿಯಲ್ಲಿ ಕತ್ತಲಲ್ಲಿ ನಿಲ್ಲುವುದಿಲ್ಲವೇ? ಅದು ಅವನ ನಿಜವಾದ ಭಯ. ಹೆಂಡತಿಗೆ ಅದು ಅರ್ಥವಾಯಿತು, ಅವಳದೂ ಅದೇ ಭಯವಾಗಿತ್ತಲ್ಲ. ಅಷ್ಟು ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವಳು ಮೆಲ್ಲಗೆ ಕೇಳಿದಳು.

"ಮೊನ್ನೆ ದಪ್ಪ ಮೇಷ್ಟ್ರು ಬಂದಿದ್ರಲ್ಲ, ಪ್ಯಾಂಟು ತಗೊಂಡು. ಅವರಿಗೆ ಏನಂದ್ರಿ?"

ದಪ್ಪ ಮೇಷ್ಟ್ರು ಅಂಗಡಿಯ ಹಳೆಯ ಗಿರಾಕಿ. ಪಾಠ ಮಾಡುತ್ತಾ ಸೀಮೆಸುಣ್ಣ ಹೆಕ್ಕಲು ಬಗ್ಗಿದಾಗ ಹಿಂದಿನ ಹೊಲಿಗೆ ಬಿಚ್ಚಿಕೊಂಡು, ತರಗತಿಯೆಲ್ಲ ಘೊಳ್ಳೆಂದಿತ್ತು. ಈ ಸಲ ಹಗ್ಗದಂಥ ನೈಲಾನ್ ದಾರ ಹಾಕಿ ಹೊಲಿ ಎಂದು ಅವರು ಹಟ ಹಿಡಿದಿದ್ದರು.

"ಆಗಲ್ಲ ಅಂದೆ," ಎಂದ ದರ್ಜಿ. ಕಸುಬಿನ ಮಾತು ಬಂದರೆ ಅವನ ನಾಲಿಗೆ ತಾನೇ ಸಡಿಲವಾಗುತ್ತಿತ್ತು. "ದಾರ ಯಾವತ್ತೂ ಬಟ್ಟೆಗಿಂತ ಒಂಚೂರು ಮೆದು ಇರ್ಬೇಕು. ಎಳೆತ ಬಿದ್ರೆ ಹೊಲಿಗೆ ಬಿಚ್ಚಲಿ, ಕೂತು ಹಾಕಿಕೊಡ್ತೀನಿ. ದಾರ ಗಟ್ಟಿಯಾಗಿದ್ರೆ ಬಟ್ಟೆನೇ ಹರಿಯತ್ತೆ. ಆಮೇಲೆ ನಾನೇನು..."

ಅವನ ಕಣ್ಣು ಫ್ಯೂಸಿನ ಪೆಟ್ಟಿಗೆಯ ಮೇಲಿತ್ತು.

"ಹರಿಯೋ ಬಟ್ಟೆ ಒಳಗೆ ನಮ್ಮ ಪುಟ್ಟಿ ಕೂತಿರ್ತಾಳೆ ಕಣ್ರೀ," ಎಂದಳು ಹೆಂಡತಿ.

ದರ್ಜಿ ಬಾಗಿ, ಎರಡು ಬೆರಳಲ್ಲಿ ಸೂಜಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. "ಏನು ಮಾಡ್ಬೇಕೋ ಮಾಡು," ಎಂದ ತಂಗಿಗೆ. "ಆದ್ರೆ ಅಪ್ಪನ ಕಾಲದ ಫ್ಯೂಸಿನ ಪೆಟ್ಟಿಗೆ ಅಲ್ಲೇ ಇರ್ಬೇಕು."

ಇರಲಿ ಎಂದಳು ಅವಳು. ಹೊಸದು ಕಣ್ಣಿಗೆ ಬೀಳದ ಮೂಲೆಯಲ್ಲಿ ಕೂರುತ್ತದೆ. ಆಮೆಯ ಮುಖಕ್ಕೆ ಏನೂ ಆಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಬ್ಯಾಟರಿಯ ವೈರು ಬಿಚ್ಚಿಟ್ಟಳು. ಆಮೇಲೆ ಡ್ಯಾಷ್‌ಬೋರ್ಡಿನ ಹಿಂದಿನಿಂದ ಹಳೆಯ ವೈರುಗಳ ಕಂತೆಯನ್ನು ಹೊರಗೆಳೆದಳು. ಆ ಕಾಲದ ವೈರುಗಳು. ರಬ್ಬರಿನ ಮೇಲೆ ನೂಲು ಹೆಣೆದು ಹೊದಿಸಿದ್ದರು. ಗುಂಡಿಯ ಹತ್ತಿರ ಆ ಹೊದಿಕೆ ಕಂದಿ ಕಪ್ಪಾಗಿತ್ತು. ದರ್ಜಿ ಹೆಬ್ಬೆರಳಿನಿಂದ ಸವರಿದ. ಅದು ಪುಡಿಯಾಗಿ ಅಂಗೈಗೆ ಉದುರಿತು. ಅವನು ಆ ಪುಡಿಯನ್ನು ಮೂಗಿನ ಹತ್ತಿರ ಹಿಡಿದು, ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಹತ್ತಿ," ಎಂದ.

ಅವಳು ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಊಟವಾದ ಮೇಲೂ ಕೆಲಸ ಸಾಗಿತು. ಸುಟ್ಟ ವೈರುಗಳೆಲ್ಲ ಹೋಗಿ ಸರಿಯಾದ ದಪ್ಪದ ಹೊಸ ವೈರು ಬಂತು. ಎರಡು ದೀಪಕ್ಕೂ ಸೇರಿ ಇದ್ದ ಒಂದೇ ಫ್ಯೂಸಿನ ಬದಲು ಎಡಕ್ಕೊಂದು, ಬಲಕ್ಕೊಂದು. ಹಾರನ್ನಿಗೆ, ಗಾಜು ಒರೆಸುವ ಕಡ್ಡಿಗೆ ಬೇರೆ ಬೇರೆ. ಬ್ಯಾಟರಿಯ ಪಕ್ಕದಲ್ಲೇ ಒಂದು ಮುಖ್ಯ ಫ್ಯೂಸು, ಮೂಲೆಯಲ್ಲಿ ರಿಲೇ ಡಬ್ಬಿ. ವೈರು ಎಷ್ಟು ತಾಳುತ್ತದೋ ನೋಡಿ ಅದಕ್ಕೆ ತಕ್ಕ ನಂಬರಿನ ಫ್ಯೂಸು ಆರಿಸಬೇಕು, ಮನಸ್ಸಿಗೆ ಬಂದಷ್ಟಲ್ಲ ಎಂದು ನಾದಿನಿ ಅಣ್ಣನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. ದೊಡ್ಡ ಬಲ್ಬುಗಳನ್ನು ತೆಗೆದು, ಕಾರಿಗೆ ಹೇಳಿಮಾಡಿಸಿದ ಬಲ್ಬುಗಳನ್ನೇ ಹಾಕಿದಳು. ಸಂಜೆ ದೀಪ ಹಾಕಿದರೆ ಎದುರುಮನೆಯ ಗೋಡೆ ಬೆಳ್ಳಗೆ ಬೆಳಗಿತು. ಇಷ್ಟು ದಿನ ಅರ್ಧ ಬೆಳಕು ಹಳೆಯ ವೈರಿನಲ್ಲೇ ಬಿಸಿಯಾಗಿ ಸೋರಿಹೋಗುತ್ತಿತ್ತಂತೆ.

ತಾಯಿ ಗುಂಡಿಯನ್ನು ಮತ್ತೆ ಮುಟ್ಟಿದಳು. ತಣ್ಣಗಿತ್ತು. ಸೋಮವಾರ ಕೀಲಿಯನ್ನು ಅವಳೇ ಮಗಳ ಕೈಗಿಟ್ಟಳು.

ಕೆಲವು ವಾರಗಳು ಕಳೆದಿರಬೇಕು. ಒಂದು ಸಂಜೆ ಮಗಳು ಬರುವುದು ಸ್ವಲ್ಪ ತಡವಾಯಿತು. ತಾಯಿ ಬಾಗಿಲಿಗೂ ಬೀದಿಗೂ ಕಣ್ಣು ನೆಟ್ಟು ಕೂತಿದ್ದಳು. ಕೊನೆಗೆ ತಿರುವಿನಲ್ಲಿ ಆಮೆ ಕಾಣಿಸಿತು. ಒಂದೇ ಕಣ್ಣು ಬಿಟ್ಟುಕೊಂಡು ನಿಧಾನವಾಗಿ ಬರುತ್ತಿತ್ತು.

"ಎಡಗಡೆ ದೀಪದ ಫ್ಯೂಸು ಹೋಯ್ತಪ್ಪ," ಎಂದಳು ಮಗಳು ಇಳಿಯುತ್ತಾ. "ಪಕ್ಕಕ್ಕೆ ನಿಲ್ಲಿಸಿ, ಅದೇ ನಂಬರಿಂದು ಹಾಕಿದೆ. ಅದೂ ಹೋಯ್ತು. ಆಮೇಲೆ ಬಲವಂತ ಮಾಡ್ಲಿಲ್ಲ. ಬಲಗಡೆದು ಇತ್ತಲ್ಲ, ಬೀದಿದೀಪ ಇರೋ ದಾರಿ ಹಿಡಿದು ಬಂದೆ."

ಬಾನೆಟ್ ಎತ್ತಿ ನೋಡಿದರೆ, ಎಡಗಡೆಯ ದೀಪದ ಹಿಂದೆ ಒಂದು ವೈರು ತಗಡಿಗೆ ಉಜ್ಜಿ ಉಜ್ಜಿ ಸಿಪ್ಪೆ ಬಿಟ್ಟಿತ್ತು. ದರ್ಜಿ ಸುಟ್ಟ ಫ್ಯೂಸನ್ನು, ಸೂಜಿಗೆ ದಾರ ಪೋಣಿಸುವವನ ಹಾಗೆ, ಬೆಳಕಿಗೆ ಹಿಡಿದು ನೋಡಿದ. ನಡುವಿನ ಎಳೆ ಕಡಿದಿತ್ತು.

"ಬಿಚ್ಚಿದ್ದು ಹೊಲಿಗೆ ಅಷ್ಟೇ," ಎಂದ ಹೆಂಡತಿಗೆ. "ಕೂತು ಹಾಕಿದ್ರಾಯ್ತು."

ಅವಳು ಕಾರಿನ ಬಾಗಿಲು ತೆರೆದು ಒಳಗೆ ತಲೆ ಹಾಕಿ ಮೂಸಿದಳು. ಪೆಟ್ರೋಲು, ಹಳೆ ರೆಕ್ಸಿನ್, ಮಗಳ ಕೈಯ ಆಸ್ಪತ್ರೆ ಸೋಪು. ಬೇರೇನೂ ಇರಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹಿರಿಯರು ಬಿಟ್ಟುಹೋದ ಕಾರು ಇರಬಹುದು. ಇವತ್ತೇ ಅದರ ಫ್ಯೂಸಿನ ಮುಚ್ಚಳ ತೆಗೆದು ನೋಡಿ. ಸೂಜಿಯೋ, ತಂತಿಯೋ, ಬೆಳ್ಳಿಕಾಗದವೋ ಅಲ್ಲಿ ಕೂತಿದ್ದರೆ ಗಾಡಿಯನ್ನು ಹೊರಡಿಸಬೇಡಿ. ಫ್ಯೂಸು ಹೋದರೆ ಅದೇ ನಂಬರಿನದನ್ನೇ ಹಾಕಿ. ಮತ್ತೆ ಹೋದರೆ ದೊಡ್ಡದನ್ನು ಹಾಕದೆ ಕಾರಣ ಹುಡುಕಿ. ದೀಪ ಹಾಕಿ ಸ್ವಲ್ಪ ಹೊತ್ತಾದ ಮೇಲೆ ಗುಂಡಿ ಮುಟ್ಟಿ ನೋಡಿ. ಬಿಸಿ ಇದ್ದರೆ, ಕೆಲಸ ಬಲ್ಲವರ ಕೈಯಲ್ಲಿ ವೈರಿಂಗ್ ಪರೀಕ್ಷೆ ಮಾಡಿಸಿ, ರಿಲೇ ಹಾಕಿಸಿ. ನಿಮ್ಮ ಗಾಡಿಯ ಚಂದ ಎಲ್ಲಿಗೂ ಹೋಗುವುದಿಲ್ಲ. ಅದರೊಳಗೆ ಕೂತು ಹೋದವರು ಸಂಜೆ ಮನೆಗೆ ಬರುತ್ತಾರೆ.